ನೊರೆ ಇಳಿಯುವ ಮುನ್ನ

ವಾದದಲ್ಲಿ ಸೋತರೆ ಎರಡು ದಿನ ಊಟ ರುಚಿಸದವರು ಇರುತ್ತಾರಲ್ಲ, ನಾನು ಅವರ ಪೈಕಿ ಒಬ್ಬಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್‌ಗಳನ್ನು ಗೆದ್ದು ಗೆದ್ದು, ಎದುರಿನವರು ಬಾಯಿ ಮುಚ್ಚಿದರೆ ಸತ್ಯ ಸಿಕ್ಕಿತೆಂದು ತಿಳಿಯುವ ಚಟ ಅಂಟಿಕೊಂಡಿದೆ. ಈಗ ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಮುಂದೆ ಹೇಳಲಿರುವುದನ್ನು ಆ ಮಕ್ಕಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನಿಮ್ಮ ಮುಂದೆ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ, ಅಷ್ಟೆ.

ನಾನು ಇರುವುದು ಬಸವಕಲ್ಯಾಣದ ಪಕ್ಕದ ನಾರಾಯಣಪುರದಲ್ಲಿ, ಅತ್ತೆಯ ಮನೆಯಲ್ಲಿ. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮನೆಯೊಳಗೆ ಆಕೆ ಹೆಚ್ಚು ಮಾತಾಡುವವಳಲ್ಲ. ಆದರೆ ಬೆಳಿಗ್ಗೆ ಕಾಶಿ ಎಂಬ ಎಮ್ಮೆಯ ಕೆಳಗೆ ಕೂತು ಹಾಲು ಹಿಂಡುವಾಗ ಮಾತ್ರ ಊರಿನ ವರದಿಯೆಲ್ಲ ಹೊರಬೀಳುತ್ತದೆ. ಪಕ್ಕದ ಮನೆಯವರು ಜೋಳ ಕೇರಲು ಒಯ್ದ ಮರವನ್ನು ಮುರಿದು ತಂದದ್ದು, ತನ್ನ ಮೊಣಕಾಲ ನೋವು, ಗಂಡ, ಅಂದರೆ ನಮ್ಮ ಮಾಮ, ಉಪ್ಪು ಹೆಚ್ಚಾಯಿತೆಂದು ತಾಟು ಸರಿಸಿದ್ದು. ಮಾಮನ ಸುದ್ದಿ ಬಂದಾಗ ದನಿ ತುಸು ಏರುತ್ತದೆ, ಓಣಿಗೂ ಕೇಳುತ್ತದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಮಾಮ ಇದನ್ನೇ ಎತ್ತಿ ಗೊಣಗಿದರು. ಮಾತಾಡಿಸದಿದ್ದರೆ ಕಾಶಿ ಪೂರಾ ಹಾಲು ಬಿಡುವುದಿಲ್ಲ ಎಂದಳು ಅತ್ತೆ. ನಾನು ಸುಮ್ಮನಿರಬಹುದಿತ್ತು. ಎಮ್ಮೆಗೆ ಕನ್ನಡ ಬರುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದೆ.

ಹೀಗೆ ಪ್ರಯೋಗ ಶುರುವಾಯಿತು. ಹತ್ತು ದಿನ, ಒಂದು ದಿನ ಮಾತು, ಮರುದಿನ ಮೌನ. ಅದೇ ಹಿಂಡಿ, ಅದೇ ಕಣಿಕೆ ಮೇವು, ಅದೇ ಹೊತ್ತು, ಅದೇ ಕೈ. ಬದಲಾಗುವುದು ಮಾತೊಂದೇ, ಉಳಿದುದೆಲ್ಲ ಇದ್ದ ಹಾಗೆ ಇರಬೇಕು. ಬಸವಕಲ್ಯಾಣದ ಬಜಾರಿನಿಂದ ಗೀಟು ಹಾಕಿದ ಐದು ಲೀಟರಿನ ಜಗ್ ತಂದೆ. ಎರಡೂ ಥರದ ದಿನ ಹಾಲು ಒಂದೇ ಬಂದರೆ ಮಾತು ಬಂದ್ ಮಾಡುತ್ತೇನೆಂದು ಅತ್ತೆ ಒಪ್ಪಿದಳು. ಆಕೆ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಪಣಕ್ಕೆ ಇಟ್ಟದ್ದು ಇಡೀ ದಿನದಲ್ಲಿ ಆಕೆ ಮನಸ್ಸು ಬಿಚ್ಚುತ್ತಿದ್ದ ಆ ಅರ್ಧ ಗಂಟೆಯನ್ನು ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾನಾಗಲೇ ಶಾಲೆಯಲ್ಲಿ ಇದನ್ನೆಲ್ಲ ವರ್ಣಿಸಿ, ಮೂಢನಂಬಿಕೆಯೊಂದು ಹೇಗೆ ಉರುಳುತ್ತದೆ ನೋಡುತ್ತಿರಿ ಎಂದು ಬಂದಿದ್ದೆ.

ಆಗ ತಾನೇ ಹಿಂಡಿದ ಎಮ್ಮೆಯ ಹಾಲಿನ ಮೇಲೆ ನಾಲ್ಕು ಬೆರಳು ನೊರೆ ಇರುತ್ತದೆ. ಮಾತಿನ ದಿನ ನಾನು ಜಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತು, ವಿಜ್ಞಾನಕ್ಕೆ ಅವಸರ ಸಲ್ಲದೆಂದು ನೊರೆ ಪೂರ್ತಿ ಇಳಿಯುವ ತನಕ ಕಾಯುತ್ತಿದ್ದೆ. ಆ ದಿನಗಳಲ್ಲಿ ಬಸ್ ತಪ್ಪಿ ಟಂಟಂ ಹಿಡಿದದ್ದೂ ಉಂಟು. ಮೌನದ ಮೊದಲ ದಿನ ಬಸ್ಸಿನ ಹಾರ್ನ್ ಕೇಳಿಸಿತು. ನಿಂತಲ್ಲೇ ಬಗ್ಗಿ, ನೊರೆಯ ನೆತ್ತಿ ಮುಟ್ಟಿದ ಗೀಟನ್ನೇ ಬರೆದುಕೊಂಡು ಓಡಿದೆ. ಎರಡನೆಯ ಮೌನದ ದಿನ ಹಾರ್ನ್ ಕೇಳಿಸಿರಲಿಲ್ಲ. ಇನ್ನೇನು ಕೇಳಿಸೀತು ಎಂದು ನೊರೆಯನ್ನೇ ಬರೆದುಕೊಂಡೆ. ಮೂರನೆಯದು ಭಾನುವಾರ.

ಹತ್ತು ದಿನಕ್ಕೆ ಲೆಕ್ಕ ಸರಿಸಮ ಬಂತು. ನಾನು ಫಲಿತಾಂಶ ಓದಿದೆ. ಮಾಮ ಎರಡು ರೊಟ್ಟಿ ಹೆಚ್ಚು ತಿಂದರು. ಅತ್ತೆ ಹೂಂ ಎಂದಳು, ಮರುದಿನದಿಂದ ಬಾಯಿ ಮುಚ್ಚಿಕೊಂಡು ಹಿಂಡಿದಳು.

ಶಾಲೆಯಲ್ಲಿ ಬೋರ್ಡಿನ ಮೇಲೆ ನನ್ನ ಕೋಷ್ಟಕ ಬರೆಯುತ್ತಿದ್ದೆ. ದಿನ, ಮಾತು ಅಥವಾ ಮೌನ, ಹಾಲು, ಅಳತೆ ಓದಿದ ಸಮಯ. ಮಹಾ ಶಿಸ್ತಿನವಳಲ್ಲವೇ, ಸಮಯವನ್ನೂ ಗುರುತು ಹಾಕಿದ್ದೆ. ಮಾತಿನ ದಿನಗಳೆಲ್ಲ ಆರೂ ಐವತ್ತು. ಮೌನದ ದಿನಗಳೆಲ್ಲ ಆರೂವರೆ, ಭಾನುವಾರವೂ. ಸೀಮೆಸುಣ್ಣ ಅಲ್ಲೇ ನಿಂತಿತು. ನೊರೆ ಇಳಿದಿದ್ದರೆ ಮೌನದ ಹಾಲು ಎಷ್ಟಿರುತ್ತಿತ್ತೋ ದೇವರೇ ಬಲ್ಲ. ನಾನು ದೇವರನ್ನು ನಂಬುವವಳೂ ಅಲ್ಲ. ತಿರುಗಿ ನೋಡಿದೆ. ಮಕ್ಕಳು ತಲೆ ಬಗ್ಗಿಸಿ ನಕಲು ಮಾಡಿಕೊಳ್ಳುತ್ತಿದ್ದರು, ಯಾರಿಗೂ ಏನೂ ಹೊಳೆದಿರಲಿಲ್ಲ. ಡಸ್ಟರ್ ತಗೊಂಡು ಕೊನೆಯ ಕಾಲಂ ಒರೆಸಿಬಿಟ್ಟೆ. ಈ ಕಾಲಂ ಬೇಕಿಲ್ಲ, ಹೊಡೆದುಹಾಕಿ ಎಂದೆ. ಮಕ್ಕಳು ಸ್ಕೇಲ್ ಇಟ್ಟು ನೀಟಾಗಿ ಹೊಡೆದುಹಾಕಿದರು.

ಆಮೇಲೆ ಕೊಟ್ಟಿಗೆಯ ಕಡೆ ಹೋಗುವುದೇ ಕಷ್ಟವಾಯಿತು. ಹಾಲಿನ ಧಾರೆ ಬಕೆಟ್ಟಿಗೆ ಬೀಳುವ ಸದ್ದು ಬಿಟ್ಟರೆ ಅಲ್ಲಿ ಏನೂ ಇಲ್ಲ. ಎಂಟು ದಿನ ತಡೆದೆ. ಒಂಬತ್ತನೆಯ ದಿನ ಬೆಳಿಗ್ಗೆ ಕಂಬಕ್ಕೆ ಒರಗಿ ನಿಂತು ಹೇಳಿದೆ.

"ಅತ್ತಿ, ನಾ ಅಳತಿ ಸರಿ ಮಾಡಿಲ್ಲ."

"ಗೊತ್ತದವ," ಎಂದಳು, ಕೈ ನಿಲ್ಲಿಸದೆ. "ನನ್ನ ಮಾತಿನ ದಿನ ಹಾಲು ಅಳದಿ. ಸುಮ್ಮಕಿದ್ದ ದಿನ ನೊರಿ ಅಳದಿ."

"ಮತ್ತ ಅವತ್ತೇ ಯಾಕ ಹೇಳಲಿಲ್ಲ?"

"ನಿನ್ನ ಸಂಗಟ ಯಾರು ಬಾಯಿ ಹಚ್ಚಬೇಕು? ಒಂದು ಅಂದ್ರ ಹತ್ತು ಅಂತಿ. ನಿಮ್ಮ ಮಾಮಾನೂ ಹಂಗೇ. ಇದೊಂದು ಪೂರಾ ಕೇಳ್ತದ. ಅದಕ್ಕ ಇದರ ಕೂಡ ಮಾತಾಡ್ತಿದ್ದೆ. ಹಾಲಿನ ಮಾತು ನಿಮಗ ಹೇಳ್ಲಿಕ್ಕೆ ಒಂದು ನೆಪ."

ಆ ಶರತ್ತು ರದ್ದಾಯಿತು, ಮಾತಾಡು ಎಂದೆ. ಅತ್ತೆ ಕಾಶಿಯ ಹೊಟ್ಟೆಗೆ ತಲೆ ಆನಿಸಿ, ಇಷ್ಟು ದಿನದ ಬಾಕಿ ಸುದ್ದಿ ಶುರು ಮಾಡಿದಳು. ಮೊದಲ ಸುದ್ದಿ ನನ್ನದೇ.

"ನೋಡಿದೇನ ಕಾಶಿ, ಭಾನುವಾರ ದಿನ ಇಕಿಗಿ ಯಾವ ಬಸ್ಸಿತ್ತು?"

ಎಮ್ಮೆ ಮೆಲುಕು ನಿಲ್ಲಿಸಿ, ಕುತ್ತಿಗೆ ಹೊರಳಿಸಿ ನನ್ನನ್ನೇ ನೋಡಿತು. ಎಮ್ಮೆಗೆ ಕನ್ನಡ ಬರುತ್ತದೆಯೋ ಇಲ್ಲವೋ, ಇವತ್ತಿಗೂ ನನ್ನ ಬಳಿ ಪುರಾವೆ ಇಲ್ಲ. ಆದರೂ ಆಗ ನಾನು ಎರಡು ಹೆಜ್ಜೆ ಮುಂದೆ ಬಂದು, ಕೈ ಆಡಿಸುತ್ತಾ, "ಹಂಗಲ್ಲ ಕಾಶಿ, ಮೊದಲನೇ ದಿನ ಖರೇನ ಬಸ್ ಬಂದಿತ್ತು," ಎಂದು ಅದಕ್ಕೆ ಸಮಜಾಯಿಷಿ ಹೇಳುತ್ತಿದ್ದೆ.