ಗುರುಬಸಪ್ಪನವರ ಬಗ್ಗೆ ಒಂದು ನಿಜ

ನಾನು ತುಂಬಿದ ಸಭೆಯಲ್ಲಿ ನಿಂತು ಸುಳ್ಳು ಹೇಳುವ ಹೆಂಗಸು. ಗಾಬರಿಯಾಗಬೇಡಿ, ರಾಜಕೀಯಕ್ಕೆ ಸೇರಿಲ್ಲ. ಹೈದರಾಬಾದಿನ ಸನತ್‌ನಗರದ ಆಚೆಗಿರುವ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಗುಮಾಸ್ತೆ. ಮೈಸೂರಿನಿಂದ ಬಂದು ಇಪ್ಪತ್ತಾರು ವರ್ಷವಾಯಿತು. ಅಲ್ಲಿ ಯಾರೇ ನಿವೃತ್ತರಾದರೂ ಬೀಳ್ಕೊಡುಗೆ ಭಾಷಣ ನನ್ನದೇ. ಯಾವತ್ತೋ ಒಮ್ಮೆ ಮಾತಾಡಬೇಕಾದವರ ಗಂಟಲು ಕಟ್ಟಿತೆಂದು ಮೈಕು ನನ್ನ ಕೈಗೆ ಬಂತು, ಮತ್ತೆ ವಾಪಸ್ಸು ಹೋಗಲೇ ಇಲ್ಲ. ಅರ್ಧ ಹಿಂದಿ, ಅರ್ಧ ತೆಲುಗು, ಸಿಕ್ಕಿಹಾಕಿಕೊಂಡ ಕಡೆ ಇಂಗ್ಲಿಷು. ಆದರೆ "ಇವರು ಸಮಯಪಾಲಕರು, ಮೃದುಭಾಷಿಗಳು, ಇವರ ಜಾಗ ತುಂಬುವವರಿಲ್ಲ" ಎಂಬ ಮೂರು ಮಾತು ಮಾತ್ರ ಯಾರಿಗೂ ತಪ್ಪುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಬರುತ್ತಿದ್ದವರೂ ಸಮಯಪಾಲಕರೇ. ಫೋನಿಲ್ಲದೆ ಸಿಕಂದರಾಬಾದಿಗೆ ಕೇಳಿಸುವಂತೆ ಕೂಗುತ್ತಿದ್ದ ಫೋರ್‌ಮನ್ನರೂ ಮೃದುಭಾಷಿಗಳೇ. ನಾನು ಯಾರನ್ನು ಹೊಗಳುತ್ತಿದ್ದೇನೆಂದು ಅಂಥ ಒಬ್ಬರ ಹೆಂಡತಿ ಅತ್ತಿತ್ತ ತಿರುಗಿ ನೋಡಿದ್ದು ನನಗಿನ್ನೂ ನೆನಪಿದೆ.

ಈ ಭಾಷಣದ ಕೀರ್ತಿ ಐಟಿ ಕಂಪನಿಗಳವರೆಗೂ ಹಬ್ಬಿತು. ಆಗ ಊರಾಚೆಯ ಬಂಡೆಗಳನ್ನೆಲ್ಲ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ನನ್ನ ತಂಗಿಯ ಮಗಳು ರಮ್ಯಾ ನಮ್ಮ ಮನೆಯಲ್ಲಿದ್ದುಕೊಂಡು ಅಂಥದೊಂದು ಕಟ್ಟಡಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ನಿವೃತ್ತಿ ಎಂಬುದೇ ಇಲ್ಲ. ತಿಂಗಳಿಗೊಬ್ಬರು ರಾಜೀನಾಮೆ ಕೊಟ್ಟು, ಕೇಕು ತಿಂದು, ರಸ್ತೆ ದಾಟಿ ಎದುರಿನ ಕಟ್ಟಡ ಸೇರುತ್ತಾರೆ. ಒಂದು ದಿನ ರಮ್ಯಾ ಗಡಿಬಿಡಿಯಲ್ಲಿ ನನ್ನ ಭಾಷಣವನ್ನೇ ಇಂಗ್ಲಿಷಿಗೆ ತಿರುಗಿಸಿ, ಒಂಬತ್ತು ತಿಂಗಳು ಕೆಲಸ ಮಾಡಿ ಹೊರಟಿದ್ದ ಸಹೋದ್ಯೋಗಿಗೆ ಮೇಲ್ ಮಾಡಿದಳು. "ಮೊಮ್ಮಕ್ಕಳೊಂದಿಗೆ ನೆಮ್ಮದಿಯಾಗಿರಿ" ಎಂಬ ಕೊನೆಯ ಸಾಲು ತೆಗೆಯಲು ಮರೆತಿದ್ದಳು. ಪಾಪ, ಅವನಿಗಿನ್ನೂ ಹೆಣ್ಣು ನೋಡುತ್ತಿದ್ದರು.

ಹೀಗೆ ಸುಖವಾಗಿದ್ದ ನನ್ನನ್ನು ಹಿಡಿದು ನಿಲ್ಲಿಸಿದವರು ನಮ್ಮ ಸ್ಟೋರ್‌ಕೀಪರ್ ಗುರುಬಸಪ್ಪನವರು. ಬಿಜಾಪುರದ ಕಡೆಯವರು. ಕಾರ್ಖಾನೆಯಲ್ಲಿ ಕನ್ನಡ ಬಲ್ಲವರೆಂದರೆ ನಾವಿಬ್ಬರೇ. ಸಹಿ ಇಲ್ಲದೆ ಒಂದು ಬೋಲ್ಟನ್ನೂ ಕೊಡದ ಆಸಾಮಿ. ಉಳಿದವರನ್ನೆಲ್ಲ ತೆಲುಗಿನಲ್ಲಿ ಬಯ್ಯುತ್ತಿದ್ದರು, ನನಗೊಬ್ಬಳಿಗೆ ಕನ್ನಡದಲ್ಲಿ ಬಯ್ಯುವ ಮರ್ಯಾದೆ. ನಿವೃತ್ತಿಗೆ ಎರಡು ದಿನವಿರುವಾಗ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಕ್ಕಾರ, ಆ ಮೃದುಭಾಷಿ ಅನ್ನೋದು ನನಗ ಬ್ಯಾಡ್ರಿ. ಅದು ಎಲ್ಲಾರೂ ಹೊದ್ದು ಹಳೇದಾದ ಶಾಲು. ನನ್ನ ಬಗ್ಗೆ ಒಂದರೆ ಖರೇ ಮಾತ ಹೇಳ್ರಿ. ಮೂವತ್ತೆರಡ ವರ್ಷ ಇಲ್ಲೇ ದುಡದೀನಿ. ಒಂದ ಖರೇ ಮಾತೂ ಹುಟ್ಟಂಗಿಲ್ಲ ಅಂದ್ರ, ಬಂದದ್ದರೆ ಯಾಕ ಅನಸ್ತೈತಿ."

ಅವರ ದನಿ ಎಂದಿನಂತಿರಲಿಲ್ಲ. ನಗಲು ಹೋದವಳು ಆಗಲಿ ಎಂದೆ. ಮನೆಗೆ ಹೋಗಿ ಹಾಳೆ ಹಿಡಿದು ಕೂತರೆ ಒಂದು ಸಾಲೂ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ಜಗಳವಾಡಿದ ಮನುಷ್ಯ, ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕೋಪ ಬಂದಾಗ ಕನ್ನಡಕ ಒರೆಸುತ್ತಾರೆ ಎಂಬುದಷ್ಟೇ. ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಹೊಂಚು ಹಾಕಲೆಂದೇ ಸ್ಟೋರಿಗೆ ಹೋಗಿ ಕುಳಿತೆ. ನಮ್ಮಲ್ಲಿ ಚಹಾ ದೊಡ್ಡ ಕೆಟಲಿನಲ್ಲಿ ಸ್ಟೋರಿಗೇ ಬರುತ್ತದೆ, ಅವರವರ ಹೆಸರು ಕೆತ್ತಿದ ಸ್ಟೀಲ್ ಲೋಟ ಅಲ್ಲೇ ಇರುತ್ತದೆ. ಅಷ್ಟರಲ್ಲಿ ಯಾದಗಿರಿ ಎಂಬ, ಹಿಂದೆ ಲೇತ್ ಯಂತ್ರ ನಡೆಸುತ್ತಿದ್ದ ಟರ್ನರ್ ಪಿಂಚಣಿಯ ಕಾಗದಕ್ಕೆಂದು ಬಂದ. ನಿವೃತ್ತನಾಗಿ ಏಳು ವರ್ಷವಾಗಿತ್ತು. ಗೇಟಿನಲ್ಲಿ ಹೊಸ ಕಾವಲಿನವರು "ನೀವು ಯಾರು?" ಎಂದು ಕೇಳಿ ಅರ್ಧ ಗಂಟೆ ನಿಲ್ಲಿಸಿದ್ದರಂತೆ. ಮುಖ ಇಳಿದಿತ್ತು. ಗುರುಬಸಪ್ಪನವರು ಮೂಲೆಯ ಬೀರು ತೆಗೆದು, ಒಂದು ಲೋಟ ಹುಡುಕಿ ತೊಳೆದು, ಸಕ್ಕರೆಯಿಲ್ಲದ ಚಹಾ ಸುರಿದು ಮುಂದಿಟ್ಟರು. ಯಾದಗಿರಿ ಲೋಟ ತಿರುಗಿಸಿ ನೋಡಿದ. ಅವನದೇ ಹೆಸರು.

"ನಾ ಗ್ಲಾಸು ಇಂಕಾ ಉಂದಾ!" ಎಂದ, ತನ್ನ ಲೋಟ ಇನ್ನೂ ಇದೆಯಲ್ಲ ಎಂದು ಬೆರಗಾಗಿ. ಮುಖವೆಲ್ಲ ನಗುವಾಯಿತು.

ನಾನೆದ್ದು ಬೀರುವಿನೊಳಗೆ ಇಣುಕಿದೆ. ನಾನು ಮೃದುಭಾಷಿಗಳೆಂದು ಕಳಿಸಿಕೊಟ್ಟಿದ್ದ ಅಷ್ಟೂ ಜನರ ಲೋಟಗಳು ಸಾಲಾಗಿ ಕೂತಿದ್ದವು. ಒಂದೊಂದರ ಒಳಗೂ ಕನ್ನಡದಲ್ಲಿ ಬರೆದ ಚೀಟಿ: 'ಸಕ್ಕರಿ ಬ್ಯಾಡ', 'ಶುಂಠಿ ಬೇಕು', 'ಮಗಳ ಸುದ್ದಿ ಕೇಳಬ್ಯಾಡ್ರಿ'. ನಗುವುದೋ ಅಳುವುದೋ ತಿಳಿಯಲಿಲ್ಲ. ಈ ಬೀರುವಿನ ಗುಜರಿ ಖಾಲಿ ಮಾಡಬೇಕೆಂದು ಎರಡು ಸಲ ಮೆಮೊ ಟೈಪ್ ಮಾಡಿದವಳು ನಾನೇ. ಎರಡಕ್ಕೂ ಅವರು 'ಪರಿಶೀಲನೆಯಲ್ಲಿದೆ' ಎಂದು ಉತ್ತರಿಸಿದ್ದರು.

ಬೀಳ್ಕೊಡುಗೆಯ ದಿನ ಮೈಕು ಹಿಡಿದು ನಿಂತಾಗ ಹಿಂದಿನ ಸಾಲಿನವರು ರೂಢಿಯಂತೆ "ಸಮಯಪಾಲಕರು" ಎಂದು ನನಗಿಂತ ಮೊದಲೇ ಶುರು ಮಾಡಿದರು. ನಾನು ಆ ದಾರಿಗೇ ಹೋಗಲಿಲ್ಲ. "ಇವರು ಸಿಡುಕರು. ಆದರೆ ನಾವು ಯಾರನ್ನು ಮರೆತೆವೋ ಅವರ ಲೋಟವನ್ನು ಇವರು ತೊಳೆದಿಟ್ಟಿದ್ದಾರೆ" ಎಂದು ಬೀರುವಿನ ಕಥೆ ಹೇಳಿದೆ, ನನ್ನ ಮೆಮೊಗಳ ಸಮೇತ. ಗುರುಬಸಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಕೋಪಕ್ಕಲ್ಲ ಎಂದು ಸಭೆಗೆಲ್ಲ ಗೊತ್ತಾಯಿತು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಿಜ ಹೇಳಿದರೆ ಇಷ್ಟು ಸಂತೋಷವಾಗುತ್ತದೆಂದು ನನಗೆ ಮೊದಲೇ ಯಾರಾದರೂ ಹೇಳಬಾರದಿತ್ತೇ!

ಕೆಳಗಿಳಿದರೆ ಅವರ ಹೆಂಡತಿ ಮುಖ ದಪ್ಪಗೆ ಮಾಡಿಕೊಂಡು ಕಾಯುತ್ತಿದ್ದರು. "ಅಲ್ರೀ, ನಿಮ್ಮ ಭಾಷಣಾ ಕೇಳಾಕಂತ ನಮ್ಮ ಅಣ್ಣಾರ ಬಿಜಾಪುರದಿಂದ ಬಂದಾರ. ಊರಮಂದಿಗೆಲ್ಲಾ ಮೃದುಭಾಷಿ ಅಂದ್ರಿ, ನಮ್ಮ ಮನಿಯವರಿಗೆ ಸಿಡುಕರು ಅಂದ್ರಲ್ಲಾ!"

"ಅದು ಖರೇನ ಐತಿ, ಬಿಡ" ಎಂದು ಗುರುಬಸಪ್ಪನವರು ಶಾಲು ಸರಿಮಾಡಿಕೊಂಡರು. ಹೊರಡುವಾಗ ಬೀರುವಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

ಸೋಮವಾರ ಬೀರು ತೆರೆದರೆ ಕೊನೆಯ ಸಾಲಿನಲ್ಲಿ ಹೊಸ ಲೋಟವೊಂದಿತ್ತು. ನನ್ನ ಹೆಸರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು, ಆದರೂ ನನ್ನ ಜಾಗ ಸಿದ್ಧವಾಗಿತ್ತು. ಎದೆ ತುಂಬಿ ಬಂತು. ಚೀಟಿ ಬಿಡಿಸಿದೆ: 'ಸಕ್ಕರಿ ಅರ್ಧ ಚಮಚಾ. ಮೈಕ ಕೊಡಬ್ಯಾಡ್ರಿ.'

ಹೊಸ ಸ್ಟೋರ್‌ಕೀಪರ್ ಕಾನ್ಪುರದವರು, ಕನ್ನಡ ಓದಲು ಬಾರದು. ಒಂದೊಂದೇ ಚೀಟಿ ಹಿಡಿದು ಹಿಂದಿಯಲ್ಲಿ ಬರೆದುಕೊಟ್ಟೆ. ನನ್ನದರಲ್ಲಿ ಅರ್ಧ ಚಮಚ ಸಕ್ಕರೆಯ ಮಾತು ಬಿಟ್ಟರೆ ಇನ್ನೇನೂ ಇಲ್ಲ ಎಂದು ಹೇಳಿದ್ದೇನೆ.