ಗಂಡಸರ ಕಡೆ ಅರ್ಧ, ಹೆಂಗಸರ ಕಡೆ ಅರ್ಧ

ನಮ್ಮ ಚರ್ಚಿನಲ್ಲಿ ಗಂಡಸರು ಬಲಗಡೆ, ಹೆಂಗಸರು ಎಡಗಡೆ ಕೂರತಕ್ಕದ್ದೆಂಬ ನಿಯಮಕ್ಕೆ ಕೊರೋನಾ ಕಾಲದಲ್ಲೂ ಯಾವುದೇ ಭಂಗ ಬರಲಿಲ್ಲವೆಂದು ಸಭಾಪಾಲಕನಾದ, ಅಂದರೆ ಪಾದ್ರಿಯಾದ, ನಾನು ಸಂತೋಷದಿಂದ ತಿಳಿಸುತ್ತೇನೆ. ಕೂರಲು ಜನರೇ ಇರಲಿಲ್ಲ ಎಂಬುದು ಬೇರೆ ವಿಷಯ.

ಮಧುರೈ ಪೇಟೆಯ ನಡುವಿನ ಚರ್ಚು ನಮ್ಮದು. ಸರ್ಕಾರ ಬಾಗಿಲು ಹಾಕಿಸಿದ ಮೇಲೆ ಆರಾಧನೆ ಮೊಬೈಲಿಗೆ ಬಂತು. ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡುವುದು ನನ್ನ ಕೈಲಾಗಲಿಲ್ಲ. ತೂಕಡಿಸುವುದಕ್ಕಾದರೂ ಎದುರಿಗೆ ಯಾರಾದರೂ ಬೇಕು. ಆದ್ದರಿಂದ ಎಲ್ಲರೂ ತಮ್ಮ ಫೋಟೋ ಕಳಿಸಬೇಕು, ಅದನ್ನು ಅವರವರ ಜಾಗದಲ್ಲಿ ಕೂರಿಸಲಾಗುವುದು ಎಂದು ಪ್ರಕಟಿಸಿದೆ. ಯೋಚನೆ ನನ್ನದೇ. ಒಂದು ವಾರ ಕನ್ನಡಿಯ ಮುಂದೆ ಹೆಮ್ಮೆಪಟ್ಟೆ.

ಸಮಿತಿ ಕೂಡಲೇ ಫೋಟೋಗಳ ನಡವಳಿಕೆಗೆ ನಿಯಮ ಮಾಡಿತು. ಫೋಟೋಗಳು ನಗಕೂಡದು. ಹೆಂಗಸರ ಫೋಟೋಗಳು ತಲೆಯ ಮೇಲೆ ಸೆರಗು ಹೊದ್ದಿರಬೇಕು. ಆಶೀರ್ವಾದಕ್ಕೆ ಮುಂಚೆ ಯಾವ ಫೋಟೋವೂ ಜಾಗ ಬಿಟ್ಟು ಏಳಕೂಡದು. ಮೊದಲ ಭಾನುವಾರ ಫ್ಯಾನ್ ಹಾಕಿದಾಗ ಹಿರಿಯರೊಬ್ಬರು ಹಾರಿಹೋಗಿ ಹೆಂಗಸರ ಕಡೆ ಬಿದ್ದದ್ದರಿಂದ ಫ್ಯಾನನ್ನು ನಿಷೇಧಿಸಲಾಯಿತು. ಮಧುರೈಯ ಮೇ ತಿಂಗಳಲ್ಲಿ ಉದ್ದದ ನಿಲುವಂಗಿ ತೊಟ್ಟು ಪ್ರಸಂಗ ಮಾಡಿದೆ. ಮೊಬೈಲಿನಲ್ಲಿ ನೋಡಿದವರು ನನ್ನ ಮುಖದ ಬೆವರನ್ನು ಕಣ್ಣೀರೆಂದು ತಿಳಿದು ಬಹಳ ಮೆಚ್ಚಿಕೊಂಡರು.

ತೊಡಕು ಬಂದದ್ದು ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದ ವೇದಮುತ್ತು ಅವರಿಂದ. ಅವರೂ ಅವರ ಹೆಂಡತಿ ಕಿರುಬೈ ಅಮ್ಮಾಳ್ ಅವರೂ ಸೇರಿ ಒಂದೇ ಫೋಟೋ ಕಳಿಸಿದ್ದರು. ಇಬ್ಬರೂ ಒಟ್ಟಿಗೆ ಸ್ಟುಡಿಯೋಗೆ ಹೋದದ್ದೇ ಒಂದು ಸಲ. ಅದನ್ನು ಯಾವ ಕಡೆ ಕೂರಿಸುವುದು?

"ನಡುವಿನ ದಾರೀಲಿ ಒಂದು ಕುರ್ಚಿ ಹಾಕಿ ಇಡೋಣ," ಎಂದೆ.

"ನಡುವಿನ ದಾರೀಲಿ ಇಡೋದು ಶವಪೆಟ್ಟಿಗೆಯನ್ನ ಅಯ್ಯಾ," ಎಂದರು ಕಾರ್ಯದರ್ಶಿ ಪೊನ್ನಯ್ಯ. "ಕತ್ತರಿ ತಗೊಳ್ಳಿ."

ಪವಿತ್ರ ಕೆಲಸವಾದ್ದರಿಂದ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಚಿಕ್ಕದೊಂದು ಪ್ರಾರ್ಥನೆ ಮಾಡಿ ಕತ್ತರಿಸಿದೆ. ವೇದಮುತ್ತು ಬಲಕ್ಕೆ ಹೋದರು, ಕಿರುಬೈ ಅಮ್ಮಾಳ್ ಎಡಕ್ಕೆ. ಆದರೆ ಗಂಡ ತನ್ನ ಹೆಂಡತಿಯ ಹೆಗಲ ಮೇಲೆ ಇಟ್ಟಿದ್ದ ಕೈ ಹೆಂಡತಿಯ ಅರ್ಧದಲ್ಲೇ ಉಳಿಯಿತು.

ಮುಂದಿನ ಭಾನುವಾರ ಮಹಿಳಾ ಸಂಘದ ಮನೋನ್ಮಣಿ ಟೀಚರ್ ಫೋನ್ ಮಾಡಿದರು. "ಅಯ್ಯಾ, ನಮ್ಮ ಕಡೆ ಒಂದು ಗಂಡಸಿನ ಕೈ ಕೂತಿದೆ. ಪ್ರಾರ್ಥನೇಲಿ ಮನಸ್ಸೇ ನಿಲ್ತಿಲ್ಲ."

"ನೀವು ಮನೇಲಿದ್ದೀರಲ್ಲ ಟೀಚರ್?"

"ನನ್ನ ಫೋಟೋ ಪಕ್ಕದಲ್ಲೇ ಇದೆಯಲ್ಲ! ಅದಕ್ಕೆ ಮರ್ಯಾದೆ ಬೇಡ್ವಾ?"

ಸಮಿತಿ ತುರ್ತಾಗಿ ಸೇರಿ ಆ ಕೈಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿತು.

ಜುಲೈಯಲ್ಲಿ ವೇದಮುತ್ತು ಆ ಜ್ವರಕ್ಕೇ ಹೋದರು. ಆಸ್ಪತ್ರೆಯವರು ಹೆಂಡತಿಗೆ ಮುಖವನ್ನೂ ತೋರಿಸಲಿಲ್ಲ. ಸಮಾಧಿಯ ಬಳಿ, ಸೋಂಕು ತಗುಲದಿರಲೆಂದು ತೊಡಿಸಿದ ಪ್ಲಾಸ್ಟಿಕ್ ಉಡುಪಿನೊಳಗಿಂದ ನಾನು ಓದಿದ ವಾಕ್ಯ ನನಗೇ ಕೇಳಿಸಲಿಲ್ಲ. ಮನೆಗೆ ಬಂದು ಅತ್ತೆ. ಆ ದಿನ ಅದು ಬೆವರಲ್ಲ.

ವಾರ ಕಳೆದು ಕಿರುಬೈ ಅಮ್ಮಾಳ್ ಫೋನ್ ಮಾಡಿದರು. "ಅಯ್ಯಾ, ಅವರ ಅರ್ಧ ಕೊಟ್ಟುಬಿಡಿ. ನನ್ನದೂ ಕೊಡಿ. ಅಂಟಿಸ್ಕೋತೀನಿ. ಇಬ್ಬರೂ ಜೊತೇಲಿರೋದು ಅದೊಂದೇ."

ವಿಷಯವನ್ನು ಸಮಿತಿಯ ಮುಂದಿಟ್ಟೆ. ಪೊನ್ನಯ್ಯನವರು ಒಪ್ಪಲಿಲ್ಲ. "ಒಂದು ಭಾನುವಾರಾನೂ ತಪ್ಪಿಸದ ಸದಸ್ಯರು. ಅವರನ್ನ ಹೇಗೆ ಹೊರಗೆ ಕಳಿಸೋದು?"

"ಅವರು ತೀರ್ಕೊಂಡಿದ್ದಾರೆ ಪೊನ್ನಯ್ಯನವರೇ."

"ತೀರ್ಕೊಂಡ ಮೇಲೂ ಬಂದಿದ್ದಾರಲ್ಲ ಅಯ್ಯಾ. ಇದ್ದಾಗ ರೈಲು, ಡ್ಯೂಟಿ ಅಂತ ಎಷ್ಟು ಸಲ ತಪ್ಪಿಸಿದ್ರು, ನೆನಪಿಲ್ವಾ?"

ಎಲ್ಲರೂ ತಲೆದೂಗಿದರು. ನನ್ನ ವರ್ಗಾವಣೆಗೆ ಸಮಿತಿಯ ಅಭಿಪ್ರಾಯ ಕೇಳುವ ಕಾಲ ಹತ್ತಿರವಿದ್ದುದರಿಂದ ನಾನೂ ತಲೆದೂಗಿದೆ. ಹೆಚ್ಚೇ ದೂಗಿದೆ.

ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಫೋಟೋಗಳ ನಡುನಡುವೆ ದೂರ ಬಿಟ್ಟು ಜನ ಕೂತರು. ಕಿರುಬೈ ಅಮ್ಮಾಳ್ ಬಿಳಿ ಸೀರೆಯುಟ್ಟು ಬಂದರು. ಎಡಗಡೆಯ ತಮ್ಮ ಅರ್ಧವನ್ನು ಒಮ್ಮೆ ನೋಡಿ, ಸೀದಾ ಬಲಗಡೆ ನಡೆದು, ಗಂಡನ ಅರ್ಧದ ಪಕ್ಕ ಕೂತುಬಿಟ್ಟರು.

ಪೊನ್ನಯ್ಯ ಓಡಿ ಬಂದರು. "ಅಮ್ಮಾ, ಇದು ಗಂಡಸರ ಕಡೆ."

"ಗೊತ್ತಪ್ಪಾ. ನನ್ನ ಗಂಡಸು ಇಲ್ಲೇ ಇದ್ದಾರೆ."

"ನಿಮ್ಮ ಫೋಟೋ ಆ ಕಡೆ ಕೂತಿದೆ. ಅದನ್ನ ನೋಡಿ ಕಲೀಬೇಕು ನೀವು."

"ಅದು ಅಲ್ಲೇ ಕೂತಿರಲಿ. ಅದರ ಗಂಡ ಸತ್ತಿಲ್ಲ."

ಸಮಿತಿ ಪಕ್ಕದ ಕೋಣೆಗೆ ಹೋಯಿತು. ಅವರು ಹೊರಗೆ ಬರುವವರೆಗೆ ಒಂದೇ ಕೀರ್ತನೆಯನ್ನು ಮತ್ತೆ ಮತ್ತೆ ಹಾಡಿಸಿದೆ. ಕೊನೆಗೆ ಬಂದ ತೀರ್ಮಾನವನ್ನು ವೇದಿಕೆಯಿಂದ ಓದಿದೆ: "ದಿವಂಗತ ವೇದಮುತ್ತು ಅವರ ಫೋಟೋ ಅಪೂರ್ಣ ಸ್ಥಿತಿಯಲ್ಲಿರುವುದು ಸಮಿತಿಯ ಗಮನಕ್ಕೆ ಬಂದಿದೆ. ಆದಕಾರಣ ಅವರ ಪತ್ನಿಯನ್ನು ಸದರಿ ಫೋಟೋದ ಲಗತ್ತೆಂದು ಪರಿಗಣಿಸಿ, ಪುರುಷರ ಕಡೆ ಕೂರಲು ಅನುಮತಿಸಲಾಗಿದೆ. ಆರಾಧನೆ ಮುಗಿಯುವವರೆಗೆ ಅವರನ್ನು ಸ್ತ್ರೀ ಎಂದು ಭಾವಿಸತಕ್ಕದ್ದಲ್ಲ."

ಒಂದು ಕಡೆಯೂ ನನ್ನ ದನಿ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಸಭೆ "ಆಮೆನ್" ಎಂದಿತು. ಮನೋನ್ಮಣಿ ಟೀಚರೂ ಎಂದರು.

ಕಿರುಬೈ ಅಮ್ಮಾಳ್ ಎದ್ದು ನಿಂತರು. "ಅಯ್ಯಾ, ಲಗತ್ತು ಅಂದ್ರೆ ಜೊತೇಲೇ ಇರಬೇಕು, ಬೇರೆ ಮಾಡಬಾರದು ಅಂತ ತಾನೇ?"

"ಹೌದಮ್ಮಾ."

"ಐವತ್ತು ವರ್ಷ ಇಬ್ಬರೂ ಇದೇ ಚರ್ಚಿಗೆ ಬಂದ್ವಿ. ಅವರಿದ್ದಾಗ ಒಂದು ದಿನ ಇದನ್ನ ಓದಬಾರದಿತ್ತಾ?"

ಸಮಿತಿ ಇದನ್ನು ಕೃತಜ್ಞತೆಯ ಮಾತೆಂದು ದಾಖಲಿಸಿಕೊಂಡಿತು. ನಾನು ಮುಂದಿನ ಕೀರ್ತನೆ ಹೇಳಿದೆ. ಎಲ್ಲರೂ ತಮ್ಮ ತಮ್ಮ ಕಡೆಯಲ್ಲೇ ಎದ್ದು ನಿಂತು ಹಾಡಿದರು.