ಭಾವನ ಕಾರಿನ ಎಣ್ಣೆಮುಳ್ಳು

ಎಣ್ಣೆ ಕಡಿಮೆಯಾಗಿರಬಹುದು. ಎಣ್ಣೆ ಇದ್ದೂ ನೀರಿನ ಹಾಗೆ ತೆಳ್ಳಗಾಗಿರಬಹುದು. ಅದನ್ನು ಮೇಲಕ್ಕೆ ತಳ್ಳುವ ಪಂಪು ಸವೆದಿರಬಹುದು. ಬೇರಿಂಗು ಸಡಿಲವಾಗಿ, ತಳ್ಳಿದ್ದೆಲ್ಲ ಸಂದಿಯಲ್ಲಿ ಸೋರಿಹೋಗುತ್ತಿರಬಹುದು. ಎಲ್ಲವೂ ಸರಿಯಾಗಿದ್ದು, ಎಣ್ಣೆಯ ಒತ್ತಡ ತೋರಿಸುವ ಮುಳ್ಳೇ ಸುಳ್ಳು ಹೇಳುತ್ತಿರಬಹುದು. ಅಥವಾ ಕಾರಿನಲ್ಲಿ ಏನೂ ಕೆಟ್ಟಿರದೆ, ಕಾರು ಇಟ್ಟುಕೊಂಡವರ ತಲೆ ಕೆಟ್ಟಿರಬಹುದು. ನನ್ನ ಅನುಮಾನವೆಲ್ಲ ಮೊದಲಿನಿಂದಲೂ ಈ ಕೊನೆಯದರ ಮೇಲೆಯೇ.

ಆ ತಲೆ ನನ್ನ ಹೆಂಡತಿಯ ಅಣ್ಣನದು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು ಭಾವ. ನಮ್ಮ ತಾಲ್ಲೂಕು ಮದ್ರಾಸಿನಿಂದ ಮೈಸೂರಿಗೆ ಬಂದ ಹೊಸತರಲ್ಲಿ, ಯಳಂದೂರಿನ ಮೇಲಿನ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟ. ಹೋಗುವಾಗ ದೊರೆಸಾನಿಗೆ ಭಾವನ ಕೈಯ ಸೀರೆಗಳನ್ನು ಕೊಂಡೊಯ್ದು, ಬದಲಿಗೆ ಕಾರನ್ನು ಬಿಟ್ಟುಹೋದ. ಮುಂದೆ ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಹಿಂದೆ ಪೆಟ್ಟಿಗೆ ಇಡುವ ಒಂದು ತೊಟ್ಟಿಲು. ಅದರಲ್ಲಿ ಯಾವಾಗಲೂ ನಾನು. ‘ಈ ನಟ್ಟನ್ನು ಮಾತ್ರ ಮುಟ್ಟಬೇಡ’ ಎಂದು ದೊರೆ ಇಂಜಿನ್ನಿನ ಪಕ್ಕದ ಒಂದು ಟೋಪಿನಟ್ಟನ್ನು ತೋರಿಸಿದ್ದನಂತೆ. ಒತ್ತಡ ಹೆಚ್ಚಾದರೆ ಎಣ್ಣೆಯನ್ನು ವಾಪಸು ಬಿಡುವ ಪುಟ್ಟ ಬಾಗಿಲು ಅದರ ಒಳಗಿತ್ತು. ವರ್ಷಗಳಾದರೂ ಭಾವ ಅದನ್ನು ದೇವರ ಒಡವೆಯಂತೆ ಬಟ್ಟೆಯಲ್ಲಿ ಒರೆಸುತ್ತಿದ್ದರೇ ಹೊರತು ಬಿಚ್ಚಿದವರಲ್ಲ.

ಉಳಿದದ್ದನ್ನೆಲ್ಲ ಬಿಚ್ಚುತ್ತಿದ್ದರು! ನಡುಮನೆಯ ಒಂದು ಮಗ್ಗವನ್ನು ಕಿತ್ತು, ನೇಕಾರ ಕಾಲು ಇಳಿಬಿಡುವ ಗುಂಡಿಯನ್ನು ಇನ್ನಷ್ಟು ತೋಡಿ, ಬೀದಿ ಗೋಡೆ ಒಡೆದು ಕಾರನ್ನು ಅದರ ಮೇಲೆ ತಂದು ನಿಲ್ಲಿಸಿದ್ದರು. ತಾವು ಗುಂಡಿಯಲ್ಲಿ ನಿಂತು ಮಗ್ಗದ ಲಾಳಿಯ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕೇಳುವುದು. ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು, “ಯಜಮಾನ್ರು ಒಳಗವ್ರೆ, ನೆಲದೊಳಗೆ.”

ಇಂಥ ಭಾವ ನನ್ನ ಮಗಳ ಸೋದರಮಾವ. ಅವಳಿಗೆ ಏಳು ವರ್ಷವಿದ್ದಾಗ ಆ ಕಾರಿನಲ್ಲಿ ಕೂರಿಸಿ, “ಕೂಸೆ, ನಿನ್ ಮದ್ವೆಗೆ ಇದ್ರಲ್ಲೇ ಕರ್ಕಂಡೋಯ್ತೀನಿ” ಎಂದುಬಿಟ್ಟಿದ್ದರು. ದೊಡ್ಡವರ ಮಾತನ್ನು ಮಕ್ಕಳು ಮರೆಯುತ್ತಾರೆಂದು ಯಾರು ಹೇಳಿದ್ದು? ಅವಳು ವಯಸ್ಸಿಗೆ ಬಂದ ಮೇಲೆ ಹನೂರಿನ ಆಚೆಯ ರಾಮಾಪುರದ ಗಂಡು ಗೊತ್ತಾಯಿತು. ನಮ್ಮ ಕಡೆಯ ಪದ್ಧತಿಯಂತೆ ಮದುವೆ ಗಂಡಿನ ಮನೆ ಮುಂದಿನ ಚಪ್ಪರದಲ್ಲಿ. ಹೆಣ್ಣನ್ನು ಕೈಹಿಡಿದು ಚಪ್ಪರಕ್ಕೆ ತರಬೇಕಾದವರು ಸೋದರಮಾವ. ಲಗ್ನ ನಿಶ್ಚಯವಾದ ದಿನವೇ ಭಾವ ಕಾರು ತೊಳೆದರು. ನಾನು ಆ ದಿನವೇ ಊಟ ಬಿಟ್ಟೆ.

ಲಗ್ನಕ್ಕೆ ಮೂರು ವಾರವಿತ್ತು. ಯಳಂದೂರಿನ ನೆಂಟರಿಗೆ ಪತ್ರಿಕೆ ಕೊಡಲು ಹೊರಟೆವು. ಮಾಂಬಳ್ಳಿಯ ಹತ್ತಿರ, ಸದಾ ನಲವತ್ತರ ಮೇಲೆ ನಿಲ್ಲುವ ಎಣ್ಣೆಮುಳ್ಳು ಹತ್ತಕ್ಕೆ ಬಿತ್ತು. ಭಾವ ತಟ್ಟನೆ ಇಂಜಿನ್ ನಿಲ್ಲಿಸಿದರು. ಹೊಲದಿಂದ ಬಂದ ರೈತರೊಬ್ಬರು ಬಗ್ಗಿ ನೋಡಿದರು.

“ಯಾಕ್ ಸಾ, ಎಣ್ಣೆ ಇಲ್ವಾ?”

“ಐತೆ ಕಣಪ್ಪ. ಮೇಲಕ್ ಏರ್ತಿಲ್ಲ” ಎಂದರು ಭಾವ.

“ನಮ್ಮ ಮಾವಂಗೂ ಇಂಗೇ ಸಾ. ಉಂಡದ್ದು ಮೈಗ್ ಅತ್ನಿಲ್ಲ.”

“ಈಗ ಎಂಗವ್ರೆ?” ಎಂದು ನಾನು ಕೇಳಿದೆ. ಕೇಳಬಾರದಿತ್ತು.

“ಓದ್ ತಿಂಗ್ಳು ತೀರ್ಕಂಡ್ರು.”

ಆ ರೈತರ ಎತ್ತುಗಳೇ ನಮ್ಮನ್ನು ಕೊಳ್ಳೇಗಾಲಕ್ಕೆ ಎಳೆದುತಂದವು. ದಾರಿಯುದ್ದಕ್ಕೂ ಭಾವ ಸ್ಟಿಯರಿಂಗ್ ಹಿಡಿದು, ಎದುರಾದವರಿಗೆಲ್ಲ ತಾವೇ ಎತ್ತುಗಳನ್ನು ಓಡಿಸುತ್ತಿರುವವರಂತೆ ತಲೆಯಾಡಿಸಿದರು.

ಲಾರಿ ರಿಪೇರಿಯ ಮೇಸ್ತ್ರಿ ಬಂದು ಇಂಜಿನ್ನಿಗೆ ಕಿವಿಗೊಟ್ಟ. “ಬೇರಿಂಗ್ ಇರ್ಬೇಕು ಸಾ. ಬಿಚ್ಚಿ ಮೈಸೂರಿಗ್ ಕಳಿಸ್ಬೇಕು. ಆರು ವಾರ ಆಯ್ತದೆ.”

“ಅಲ್ಲೀಗಂಟ ಓಡ್ಸುದ್ರೆ?” ಭಾವ ಕೇಳಿದರು.

“ಓಡ್ತದೆ. ಎಲ್ಲೀಗಂಟ ಅಂತ ಮಾತ್ರ ಯೋಳಕಾಗಕಿಲ್ಲ. ಇಂಜಿನ್ ಕಚ್ಕಂಡ್ರೆ ಗಾಡಿ ಎಲ್ಲದೋ ಅಲ್ಲೇ ನಿಂತೋಯ್ತದೆ.”

ಆ ‘ಅಲ್ಲೇ’ ಎಲ್ಲೆಂದು ನಾನು ಅಂದೇ ಗೊತ್ತುಮಾಡಿಕೊಂಡೆ. ನನ್ನ ಕಲ್ಪನೆಯಲ್ಲಿ ಅದು ಯಾವಾಗಲೂ ಹನೂರಿನ ಆಚೆ, ಕಾಡಿನ ಅಂಚಿನಲ್ಲಿ. ಒಂದು ಕಡೆ ಆನೆ, ಇನ್ನೊಂದು ಕಡೆ ಮೀರುತ್ತಿರುವ ಮುಹೂರ್ತ, ನಡುವೆ ಬಾಸಿಂಗ ಕಟ್ಟಿದ ನನ್ನ ಮಗಳು.

ಭಾವ ಎಣ್ಣೆ ಬದಲಿಸಿದರು. ಪಂಪು ಬಿಚ್ಚಿ ತೊಳೆದರು. ಮುಳ್ಳಿಗೆ ಹೋಗುವ ಸಣ್ಣ ಕೊಳವೆಯನ್ನು ಬಾಯಲ್ಲಿ ಊದಿ ನೋಡಿ, ಎರಡು ದಿನ ಕಾಫಿಯ ರುಚಿ ಕಳೆದುಕೊಂಡರು. ಮುಳ್ಳು ಒಂದು ದಿನ ಏಳುತ್ತಿತ್ತು, ಮರುದಿನ ಮಲಗುತ್ತಿತ್ತು. “ಬಸ್ಸಿಗೆ ಹೋಗೋಣ ಭಾವ” ಎಂದು ನಾನು ದಿನಕ್ಕೆ ಮೂರು ಸಲ ಬೇಡಿದೆ.

“ಭಾವನೋರೆ, ನಿಮ್ಗೆ ಬಸ್ಸಲ್ಲೂ ಎದ್ರಿಕೆ ತಾನೆ?” ಎಂದರು ಅವರು. ಅದು ನಿಜವೇ.

ಮಗಳನ್ನು ಕೇಳಿದೆ. “ಅಪ್ಪ, ನಾನು ಬಸ್ಸಲ್ಲಿ ಬಂದ್ರೆ ಮಾವ ಚಪ್ಪರದಲ್ಲಿ ತಲೆ ಎತ್ತಲ್ಲ” ಎಂದಳು. ಬಸ್ಸಿನ ಮಾತನ್ನು ಅಲ್ಲಿಗೆ ಬಿಟ್ಟೆ.

ಮದುವೆಯ ಬೆಳಿಗ್ಗೆ ಮುಳ್ಳು ನಲವತ್ತರಲ್ಲಿ ನಿಂತಿತ್ತು. ಉಳಿದವರೆಲ್ಲ ಹಿಂದಿನ ದಿನವೇ ಹೋಗಿದ್ದರು. ಮುಂದೆ ಭಾವ ಮತ್ತು ಮಗಳು. ಹಿಂದೆ ತೊಟ್ಟಿಲಲ್ಲಿ, ಧಾರೆಸೀರೆಯ ಗಂಟನ್ನು ತಬ್ಬಿಕೊಂಡು ನಾನು. ಕಾಮಗೆರೆ ದಾಟಿದೆವು, ನಲವತ್ತು. ಹನೂರು ದಾಟಿದೆವು, ಮೂವತ್ತು. ಆಮೇಲೆ ಇಪ್ಪತ್ತು, ಹತ್ತು. ಎಲ್ಲಿ ನಿಲ್ಲುತ್ತದೆಂದು ನಾನು ಮೂರು ವಾರ ಕಂಡಿದ್ದೆನೋ ಅಲ್ಲೇ ಭಾವ ಕಾರು ನಿಲ್ಲಿಸಿದರು. ಆನೆಯೊಂದು ಇರಲಿಲ್ಲ ಅಷ್ಟೇ.

ಭಾವ ಬಾನೆಟ್ ಎತ್ತಿದರು. ಬಿಚ್ಚಿ ನೋಡದೆ ಉಳಿದದ್ದು ಒಂದೇ. ಸ್ಪ್ಯಾನರ್ ತೆಗೆದು, ಮುಟ್ಟಬಾರದ ಆ ನಟ್ಟಿಗೆ ಹಾಕಿದರು. ಹಾಕಿದ್ದನ್ನು ತೆಗೆದು ನಟ್ಟನ್ನು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದು ಒರೆಸಿದರು. ಹೆದರಿಕೆ ನನ್ನೊಬ್ಬನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಆ ಮನುಷ್ಯ ಮೂರು ವಾರ ಅದನ್ನು ಗುಂಡಿಯೊಳಗೆ ಇಳಿದು ಬಚ್ಚಿಟ್ಟಿದ್ದರು.

ನಟ್ಟು ಬಂತು, ಸ್ಪ್ರಿಂಗ್ ಬಂತು, ಸಣ್ಣ ಉಕ್ಕಿನ ಗುಂಡು ಬಂತು. ಗುಂಡು ಕೂರುವ ಜಾಗದಲ್ಲಿ ಏನೋ ಅಂಟಿಕೊಂಡಿತ್ತು. ಬಾಗಿಲು ಪೂರ್ತಿ ಮುಚ್ಚದಂತೆ ಅದು ಅಡ್ಡ ನಿಂತು, ಎಣ್ಣೆಯೆಲ್ಲ ವಾಪಸು ಹರಿಯುತ್ತಿತ್ತು. ಭಾವ ಅದನ್ನು ಉಗುರಲ್ಲಿ ಎತ್ತಿ, ಬೆರಳಲ್ಲಿ ಹೊಸೆದು, ಬಿಸಿಲಿಗೆ ಹಿಡಿದರು. ತನ್ನ ಮಗ್ಗದ ಎಳೆಯನ್ನು ನೇಕಾರ ಎಣ್ಣೆಯೊಳಗಿದ್ದರೂ ಗುರುತು ಹಿಡಿಯುತ್ತಾನೆ. ಹಿಡಿದವರು ತಿರುಗಿ ನನ್ನ ಮುಖ ನೋಡಿದರು.

ಈಗ ಹೇಳಿಬಿಡುತ್ತೇನೆ. ಲಗ್ನ ನಿಶ್ಚಯವಾದ ದಿನ, ಭಾವ ಕಾರು ತೊಳೆದು ಕೈಕಾಲು ತೊಳೆಯಲು ಹೋದಾಗ, ನಾನು ಅವರ ಮಗ್ಗದಿಂದ ಒಂದು ಎಳೆ ಕಿತ್ತು, ಅರಿಸಿನಕ್ಕೆ ಮುಟ್ಟಿಸಿ, ‘ಮಾದಪ್ಪ, ನನ್ನ ಕೂಸನ್ನ ಕಾಪಾಡು’ ಎಂದು ಹರಸಿಕೊಂಡು, ಯಾರೂ ನೋಡಿ ನಗಬಾರದೆಂದು ಎಣ್ಣೆ ಸುರಿಯುವ ಬಾಯಿಯ ಮುಚ್ಚಳದ ಒಳಗೆ ಕಟ್ಟಿದ್ದೆ. ಅದು ಕಳಚಿ ಎಣ್ಣೆಗೆ ಬಿದ್ದು, ಅದರ ಜೊತೆ ಹರಿದು ಇಲ್ಲಿ ಬಂದು ಕೂತಿತ್ತು.

“ಏನ್ ಮಾವ ಅದು?” ಮಗಳು ಕೇಳಿದಳು.

“ಏನಿಲ್ಲ ಕೂಸೆ, ಕಸ” ಎಂದರು ಭಾವ.

ಎಲ್ಲ ಮತ್ತೆ ಜೋಡಿಸಿದರು. ಮುಳ್ಳು ಏಳುತ್ತ ಏಳುತ್ತ ನಲವತ್ತು ದಾಟಿತು. ಭಾವ ಆ ‘ಕಸ’ವನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಸ್ಟಿಯರಿಂಗಿನ ಕಂಬಕ್ಕೆ ಸುತ್ತಿ ಗಂಟು ಹಾಕಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

“ಇಂಥವ್ನ ಒಳಗ್ ಕಟ್ಬಾರ್ದು ಕಣ್ರಿ ಭಾವನೋರೆ. ಒರಗ್ ಕಟ್ಬೇಕು.”

ಮುಹೂರ್ತಕ್ಕೆ ಸರಿಯಾಗಿ ತಲುಪಿದೆವು. ಚಪ್ಪರಕ್ಕೆ ಬಂದ ಮಗಳ ಮಣಿಕಟ್ಟಿನ ಮೇಲೆ, ಅರಿಸಿನದ ಪಕ್ಕದಲ್ಲಿ, ಸೋದರಮಾವನ ಐದು ಬೆರಳುಗಳ ಕಪ್ಪು ಎಣ್ಣೆಗುರುತುಗಳಿದ್ದವು.

ಪಂಪು ಸವೆದಿರಲಿಲ್ಲ. ಬೇರಿಂಗು ಸಡಿಲವಾಗಿರಲಿಲ್ಲ. ಮುಳ್ಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಭಾವನ ತಲೆಯಂತೂ ಕೆಟ್ಟೇ ಇರಲಿಲ್ಲ. ಇದ್ದದ್ದು ಇಷ್ಟೇ, ಗೇಣುದ್ದದ ಒಂದು ಕೆಂಪು ರೇಷ್ಮೆ ಎಳೆ.